ನನ್ನ ಕಡೆ ಸರಿ

ಏಣಿಯ ಅರ್ಧಕ್ಕೆ ಬಂದು ಉಸಿರು ತೆಗೆದುಕೊಳ್ಳಲು ನಿಂತಾಗ ಅವನಿಗೆ ಅರ್ಥವಾಯಿತು, ಬೆಳಿಗ್ಗೆಯಿಂದ ತಾನು ಕಾಯುತ್ತಿದ್ದದ್ದು ಒಂದು ಬೈಗುಳಕ್ಕೆ ಎಂದು. ಹೆಂಡತಿ ಬೈದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವಳು ಬೈಯಲಿಲ್ಲ. ಎಂದಿನಂತೆ ಡಬ್ಬಿಯ ಮುಚ್ಚಳ ಒತ್ತಿ, ಚಮಚ ಒರೆಸಿ ಚೀಲದೊಳಗಿಟ್ಟು, "ನಿನ್ನೆ ರಾತ್ರಿ ನನ್ನ ತಮ್ಮ ಊಟಕ್ಕೆ ಬರ್ಲಿಲ್ಲ" ಎಂದಷ್ಟೇ ಹೇಳಿ, ಆಸ್ಪತ್ರೆಯ ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡಳು. ತಮ್ಮ ಯಾಕೆ ಬರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಸಂಗತಿಯನ್ನು ಇಬ್ಬರೂ ಅಡುಗೆಮನೆಯ ನಡುವೆ ಬಿಟ್ಟು, ಅದರ ಆಚೀಚೆ ಓಡಾಡಿಕೊಂಡು, ಬೇರೆ ಬೇರೆ ಬಸ್ಸು ಹತ್ತಿದರು. ಈಗ ಕೆಳಗೆ ನೋಡಿದರೆ ಹಳದಿ ಟೋಪಿಗಳು ಅಲ್ಲಲ್ಲಿ ಚೆಲ್ಲಿದ ಕಡಲೆಕಾಳಿನ ಹಾಗೆ ಕಾಣುತ್ತಿದ್ದವು. ಅವುಗಳಲ್ಲಿ ಭಾವಮೈದುನನದು ಯಾವುದು ಎಂದು ಎಷ್ಟೇ ಎತ್ತರದಿಂದಲೂ ಅವನು ಗುರುತಿಸಬಲ್ಲ. ಉಳಿದ ಟೋಪಿಗಳು ಓಡಾಡುತ್ತವೆ, ಅವನದು ಆಗಾಗ ನಿಂತು ಹಿಂದಿರುಗಿ ನೋಡುತ್ತದೆ. ಇವತ್ತು ಹಾಗೆ ನಿಲ್ಲುವ ಟೋಪಿ ಒಂದೂ ಕಾಣಲಿಲ್ಲ. ಮೊಣಕಾಲು ನೋಯುತ್ತಿತ್ತು. ಉಳಿದರ್ಧ ಏಣಿಯನ್ನು ಅವನು ಬೇಕೆಂದೇ ನಿಧಾನವಾಗಿ ಹತ್ತಿದ.

ಕ್ರೇನಿನ ಕ್ಯಾಬಿನ್ನಿನಲ್ಲಿ ಕೂರುವವನನ್ನು ಕೆಳಗಿನವರು 'ಮೇಲಿನವರು' ಎಂದು ಕರೆಯುತ್ತಿದ್ದರು. ಏನಾದರೂ ಎಡವಟ್ಟಾದರೆ 'ಎಲ್ಲಾ ಮೇಲಿನವರು ನೋಡ್ಕೋತಾರೆ' ಎಂದು ಒಬ್ಬ, 'ಅವರಿಗೇ ಕಣ್ಣು ಕಾಣಲ್ವಂತೆ' ಎಂದು ಇನ್ನೊಬ್ಬ. ಹಳೆಯ ಜೋಕು, ದಿನಾ ಹೇಳಿದರೂ ದಿನಾ ನಗುತ್ತಿದ್ದರು, ಅವನೂ ನಗುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಊರಿಗೆಲ್ಲ ಕಾಣುವಷ್ಟು ಎತ್ತರದಲ್ಲಿ ಕೂತರೂ ತಾನು ಎತ್ತುವ ಭಾರದ ಮುಕ್ಕಾಲು ಪಾಲು ಅವನಿಗೆ ಕಾಣುವುದೇ ಇಲ್ಲ. ಕಟ್ಟಡ ಅಡ್ಡ ಬರುತ್ತದೆ, ಇಲ್ಲವೇ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದೂ ಅಲ್ಲದಿದ್ದರೆ ನೆಟ್ಟಗೆ ಕೆಳಗೆ ನೋಡುವಾಗ ಎತ್ತರ ಯಾವುದು ತಗ್ಗು ಯಾವುದು ಎಂದು ತಿಳಿಯುವುದಿಲ್ಲ. ಅವನಿಗಿರುವುದು ಎರಡು ಲಿವರು, ತೂಕ ತೋರಿಸುವ ಒಂದು ಪರದೆ, ಮತ್ತು ವಾಕಿಟಾಕಿಯಲ್ಲಿ ಬರುವ ದನಿ. ಆ ದನಿ 'ಎತ್ತಿ' ಅಂದರೆ ಎತ್ತಬೇಕು, 'ಸ್ವಲ್ಪ' ಅಂದರೆ ಸ್ವಲ್ಪ, 'ಕೂದಲೆಳೆ' ಅಂದರೆ ಕೂದಲೆಳೆಯಷ್ಟು. ಎತ್ತು ಅನ್ನುವ ಅಧಿಕಾರ ಒಬ್ಬರಿಗೆ ಮಾತ್ರ. ಅವರು ಇಲ್ಲಿ ಅಕ್ಕ, ಗಂಡಸರ ಗುಂಪಿನಲ್ಲಿ ಒಬ್ಬಳೇ ಹೆಂಗಸಾದ, ಗಂಟಲು ಕಟ್ಟಿದಂಥ ದನಿಯ ಸಿಗ್ನಲ್‌ ಅಕ್ಕ. ಆದರೆ ನಿಲ್ಲು ಅನ್ನುವುದು ಯಾರ ಸ್ವತ್ತೂ ಅಲ್ಲ. ಇಂಜಿನಿಯರು ಹೇಳಬಹುದು, ಕಸ ಗುಡಿಸುವವರು ಹೇಳಬಹುದು, ರಸ್ತೆಯಲ್ಲಿ ಹೋಗುವವರು ಹೇಳಬಹುದು. ಯಾರು ಹೇಳಿದರೂ ಕೈ ನಿಲ್ಲಬೇಕು, ಯಾಕೆಂದು ಆಮೇಲೆ ಕೇಳಬೇಕು. ಈ ಕೆಲಸದಲ್ಲಿ ಅವನು ಕಲಿತ ಮೊದಲ ಪಾಠ ಅದು, ಹೊಸಬರಿಗೆ ಅವನೇ ಕಲಿಸುತ್ತಿದ್ದದ್ದೂ ಅದನ್ನೇ.

ನಿನ್ನೆ ನಿಲ್ಲು ಅಂದವನು ಭಾವಮೈದುನ. ಒಂದೇ ಬೆಳಿಗ್ಗೆ ಮೂರು ಸಲ. ಭಾರಕ್ಕೆ ಬೆಲ್ಟು ಕಟ್ಟುವ ಇಬ್ಬರಲ್ಲಿ ಅವನೊಬ್ಬ. ಟೈಲರ್ ಅಂಗಡಿ ಮುಚ್ಚಿದ ಮೇಲೆ, ಅದೂ ಇದೂ ಮಾಡಿ ಎಲ್ಲೂ ನೆಲೆ ಸಿಗದೆ, ತನ್ನ ಅಕ್ಕನ ಗಂಡನ, ಅಂದರೆ ಇವನದೇ, ಶಿಫಾರಸಿನಿಂದ ಇಲ್ಲಿಗೆ ಬಂದವನು. ತಲೆ ನರೆಯಲು ಶುರುವಾದ ವಯಸ್ಸಿನಲ್ಲಿ ಹೊಸ ಕೆಲಸ ಕಲಿತವನಿಗೆ ಇರುವ ಅತಿಯಾದ ಎಚ್ಚರ ಅವನಿಗಿತ್ತು. ಮೊದಲನೆಯ ಸಲ ಬೆಲ್ಟು ತಿರುಚಿದೆ ಅನ್ನಿಸಿತು ಅಂದ, ತಿರುಚಿರಲಿಲ್ಲ. ಎರಡನೆಯ ಸಲ ಯಾರೋ ಕೆಳಗೆ ನಡೆದು ಹೋದ ಹಾಗಾಯಿತು ಅಂದ, ಯಾರೂ ಇರಲಿಲ್ಲ. ಮೂರನೆಯ ಸಲ ಗಾಜಿನ ಹಲಗೆಗಳ ಕಟ್ಟು ಐದನೆಯ ಮಹಡಿಯ ಮಟ್ಟದಲ್ಲಿ ತೂಗುತ್ತಿರುವಾಗ "ನಿಲ್ಲಿ ನಿಲ್ಲಿ, ಏನೋ ಸದ್ದು ಬಂತು" ಅಂದ. ಗಾಜು ಗಾಳಿಯಲ್ಲಿ ನಿಂತಿತು. ಅಕ್ಕ ಮಹಡಿಯಿಂದ ಮಹಡಿಗೆ ಓಡಿ ನೋಡಿದಳು. ಕಾಲು ಗಂಟೆ. ಸದ್ದು ಪಕ್ಕದ ಬೀದಿಯಲ್ಲಿ ಯಾರೋ ತಗಡು ಬಡಿಯುತ್ತಿದ್ದದ್ದು. ಆಗ ಮೇಲೆ ಕೂತಿದ್ದ ಅವನು ವಾಕಿಟಾಕಿಯ ಗುಂಡಿ ಒತ್ತಿ, ಇಡೀ ಕಟ್ಟಡಕ್ಕೆ ಕೇಳುವಂತೆ, "ಅಕ್ಕಾ, ಆ ಕೆಂಪುದೀಪಕ್ಕೆ ಸ್ವಲ್ಪ ಹೇಳಿ, ಇದು ಹೊಲಿಗೆ ಮಿಷನ್ ಅಲ್ಲ, ಬೇಕಾದಾಗಲೆಲ್ಲ ಪೆಡಲಿನಿಂದ ಕಾಲು ತೆಗೆಯೋಕೆ" ಅಂದ. ಕೇಳಿಸಿದ ನಗು ಒಬ್ಬರದಲ್ಲ, ವಾಕಿಟಾಕಿ ಇದ್ದವರೆಲ್ಲರದು. ಮಧ್ಯಾಹ್ನದ ಚಹಾದ ಹೊತ್ತಿಗೆ ಹೆಸರು ಅಂಟಿಕೊಂಡಿತ್ತು. ಕೆಂಪುದೀಪಾ, ಸಕ್ಕರೆ ಸಾಕಾ? ಕೆಂಪುದೀಪಾ, ದಾರಿ ಬಿಡಪ್ಪಾ, ಹಸಿರಾಗು. ಭಾವಮೈದುನ ಲೋಟ ಹಿಡಿದುಕೊಂಡು ನಕ್ಕ. ಕೆಳಗೆ ಇಳಿದು ಬಂದಿದ್ದ ಅವನು ಆ ನಗುವನ್ನು ಹತ್ತಿರದಿಂದ ನೋಡಿದ. ತುಟಿ ಮಾತ್ರ ನಕ್ಕಿತ್ತು. ಅಂಗಡಿಯ ಷಟರ್ ಕೊನೆಯ ಸಲ ಎಳೆದ ದಿನವೂ ಭಾವಮೈದುನ ಹೀಗೇ ನಕ್ಕು, 'ಹೋಗ್ಲಿ ಬಿಡಿ ಭಾವ, ಬೆನ್ನು ನೋವಾದ್ರೂ ತಪ್ತು' ಅಂದಿದ್ದ.

ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು, ಕುರ್ಚಿಯಲ್ಲಿ ಕೂತು, ಗಾಜಿನ ಮೇಲಿನ ಧೂಳನ್ನು ಒರೆಸುತ್ತಾ ಅವನು ತನ್ನ ಪರವಾಗಿ ವಾದ ಹೂಡಿದ. ಕೆಲಸ ನಿಂತಿತು ತಾನೇ? ನಿಂತಿತು. ಇಂಜಿನಿಯರು ನನಗೆ ತಾನೇ ಬೈಯುವುದು? ನನಗೇ. ಭಾಮೈದ ಅಂತ ಸಲಿಗೆ ಕೊಟ್ಟರೆ ನಾಳೆ ಜನ ಏನಂದಾರು? ವಾದ ಗಟ್ಟಿಯಾಗಿಯೇ ಇತ್ತು. ಒಂದೇ ತೊಂದರೆ, ಅದರಲ್ಲಿ ಒಂದೂ ನಿಜವಾದ ಕಾರಣವಾಗಿರಲಿಲ್ಲ. ನಿಜ ಹೇಳಬೇಕೆಂದರೆ ನಿನ್ನೆ ಗಾಜು ತೂಗುತ್ತಿದ್ದಾಗ ಅವನಿಗೆ ಒಂದಕ್ಕೆ ಅವಸರವಾಗಿತ್ತು. ಬೆಳಿಗ್ಗೆಯಿಂದ ಬಿಸಿಲಿಗೆ ಬಾಟಲಿಗಟ್ಟಲೆ ನೀರು ಕುಡಿದಿದ್ದ. ಈ ಭಾರ ಇಳಿಸಿದ ಕೂಡಲೇ ಎಂದು ತಡೆದುಕೊಂಡು ಕೂತಿದ್ದ. ಕೊಕ್ಕೆಯಲ್ಲಿ ಭಾರ ತೂಗುವಾಗ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಆ ಕಾಲು ಗಂಟೆ ಅವನು ಕಾಲಿನ ಮೇಲೆ ಕಾಲು ಹಾಕಿ, ಹಣೆಯಲ್ಲಿ ಬೆವರಿಟ್ಟು, ಐವತ್ತು ದಾಟಿದ ಮನುಷ್ಯ, ಎರಡು ಮಕ್ಕಳ ತಂದೆ, ಪುಟ್ಟ ಮಗುವಿನ ಹಾಗೆ ಒದ್ದಾಡಿದ್ದ. ಆ ಅವಮಾನಕ್ಕೆ ಸಾಕ್ಷಿ ಯಾರೂ ಇರಲಿಲ್ಲ, ಆದರೆ ಅದನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಾಗಿತ್ತು. ತೀರಿಸಿಕೊಂಡ. ಇದನ್ನು ಹೆಂಡತಿಗೆ ಹೇಳುವುದು ಹೇಗೆ? ನಿನ್ನ ತಮ್ಮನ ಮಾನ ತೆಗೆದದ್ದು ನಾನಲ್ಲ, ನನ್ನ ಮೂತ್ರಕೋಶ ಅನ್ನುವುದೇ?

ವಾಕಿಟಾಕಿ ಗರಗರ ಎಂದಿತು. "ಮೇಲಿನವರು ಬಂದ್ರಾ?" ಅಕ್ಕನ ದನಿ. ಬಂದೆ ಅಂದ. "ಹನ್ನೆರಡರೊಳಗೆ ಮುಗೀಬೇಕಂತೆ. ಆಮೇಲೆ ಗಾಳಿ ಏಳತ್ತೆ, ರಸ್ತೇನೂ ಬಿಟ್ಟುಕೊಡಬೇಕು." ಇವತ್ತಿನ ಭಾರ ಇಡೀ ಕಟ್ಟಡವನ್ನು ತಂಪು ಮಾಡುವ ಯಂತ್ರ, ಒಂದು ಸಣ್ಣ ಮನೆಯಷ್ಟು ದೊಡ್ಡದು. ಹಿಂದಿನ ರಸ್ತೆಯಲ್ಲಿ ಲಾರಿಯ ಮೇಲೆ ಬಂದು ಕೂತಿತ್ತು. ಅಲ್ಲಿಂದ ಎತ್ತಿ, ಗೋಡೆ ದಾಟಿಸಿ, ತಾರಸಿಯ ಮೇಲೆ ಕಾದಿರುವ ಬೋಲ್ಟುಗಳ ಮೇಲೆ ಕೂರಿಸಬೇಕು. ಹಿಂದಿನ ರಸ್ತೆ ಅವನಿಗೆ ಒಂದಿಷ್ಟೂ ಕಾಣುವುದಿಲ್ಲ. ಭಾರ ತಾರಸಿಯ ಮಟ್ಟಕ್ಕೆ ಬರುವ ತನಕ ಅವನು ಕುರುಡನೇ. ಹಾಗೆಂದು ಅದಕ್ಕೆ ಅವನು ಹೆದರಿದವನಲ್ಲ. ಇಷ್ಟು ವರ್ಷಗಳಲ್ಲಿ ಅವನಿಗೆ ಹೆಮ್ಮೆ ತಂದದ್ದೇನಾದರೂ ಇದ್ದರೆ ಅದು ಈ ಕುರುಡು ಎತ್ತುವಿಕೆ. ಅಕ್ಕನ ದನಿ ಕಿವಿಗೆ ಬಿದ್ದ ಮೇಲೆ ಕಣ್ಣು ಮುಚ್ಚಿಕೊಂಡರೂ ಭಾರ ಕಾಣುತ್ತಿತ್ತು. ಅವಳು 'ಬಲಕ್ಕೆ' ಅನ್ನುವುದರಲ್ಲಿ ಎಷ್ಟು ಬಲಕ್ಕೆ ಎಂಬುದು ಇರುತ್ತಿತ್ತು, 'ಹೂಂ' ಅನ್ನುವುದರಲ್ಲಿ ಗಾಳಿ ಎಷ್ಟಿದೆ ಎಂಬುದು. ಬೆಲ್ಟು ಕಟ್ಟುವ ಇಬ್ಬರಲ್ಲಿ ಇನ್ನೊಬ್ಬ, ಎಲ್ಲರೂ ಉದ್ದನೆಯವನು ಎಂದು ಕರೆಯುವವನು, ಭಾರದ ತೂಕ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ಅದರ ಸುತ್ತ ಒಂದು ಸುತ್ತು ಬಂದೇ ಹೇಳುತ್ತಿದ್ದ. ಎಷ್ಟೋ ದಿನ ಸಂಜೆ ಏಣಿ ಇಳಿಯುವಾಗ ಅವನಿಗೆ, ಇವತ್ತು ಆ ಕಬ್ಬಿಣದ ತೊಲೆಯನ್ನು ಎತ್ತಿದ್ದು ಯಾರು ಎಂದು ಯೋಚಿಸಿದರೆ ಉತ್ತರ ಸಿಗುತ್ತಿರಲಿಲ್ಲ. ಎತ್ತಿದ್ದು ತಾನಲ್ಲ, ಯಂತ್ರವೂ ಅಲ್ಲ. ನಾಲ್ಕು ಜನರ ನಡುವೆ ಎಲ್ಲೋ ಒಂದು ಕೈ ಹುಟ್ಟಿಕೊಂಡು ಎತ್ತಿತ್ತು. ಹಾಗೆ ಅನ್ನಿಸಿದ ಸಂಜೆಗಳಲ್ಲಿ ಅವನಿಗೆ ದೇವರ ಮೇಲಿನದಕ್ಕಿಂತ ಹೆಚ್ಚು ಭಕ್ತಿ ಈ ಮೂವರ ಮೇಲೆ ಬರುತ್ತಿತ್ತು. ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದರೆ ಉದ್ದನೆಯವನು ವಾರಗಟ್ಟಲೆ ಆಡಿಕೊಳ್ಳುತ್ತಿದ್ದ.

ಕೊಕ್ಕೆಯನ್ನು ಹಿಂದಿನ ರಸ್ತೆಗೆ ಇಳಿಸುತ್ತಿರುವಾಗ ಅವನಿಗೆ ಆ ಕಪಾಟು ನೆನಪಾಯಿತು. ಅಜ್ಜಿಯ ಮರದ ಕಪಾಟು. ಮನೆ ಬದಲಾಯಿಸುವಾಗ ಅದನ್ನು ಮಹಡಿಯಿಂದ ಇಳಿಸಲು ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಸೋದರಮಾವ ಸೇರಿದ್ದರು. ಎಲ್ಲರೂ ಗಟ್ಟಿಗರು, ಎಲ್ಲರೂ ಬುದ್ಧಿವಂತರು. ಮೆಟ್ಟಿಲಿನ ತಿರುವಿನಲ್ಲಿ ಅಪ್ಪ ಎಡಕ್ಕೆ ಅಂದರು, ದೊಡ್ಡ ಚಿಕ್ಕಪ್ಪ ಮೇಲಕ್ಕೆ ಅಂದರು, ಸೋದರಮಾವ ನನ್ನ ಬೆರಳು ಬೆರಳು ಅಂದರು, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕಪಾಟು ಗೋಡೆಗೆ ಸಿಕ್ಕಿಕೊಂಡು ಅಲ್ಲೇ ನಿಂತುಬಿಟ್ಟಿತು. ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ. ಅಮ್ಮ ಕೆಳಗಿನಿಂದ, ಮೇಲಿದ್ದ ಅಜ್ಜಿಗೆ, ಕಪಾಟಿನ ಸಂದಿಯಿಂದ ಚಹಾ ದಾಟಿಸಿದಳು. ಸೋದರಮಾವನ ಉಗುರು ಆಮೇಲೆ ಕಪ್ಪಾಗಿ ಉದುರಿಹೋಯಿತು. ಅವರು ಮುಂದೆ ಯಾವ ಮನೆಯ ಯಾವ ಸಾಮಾನಿಗೂ ಕೈ ಹಾಕಲಿಲ್ಲ, ಕರೆದರೆ 'ನಾನು ಇಲ್ಲೇ ಕೂತು ನೋಡ್ತೀನಿ' ಅನ್ನುತ್ತಿದ್ದರು. ಎಲ್ಲರೂ ಅದನ್ನು ಹೇಳಿಕೊಂಡು ನಗುತ್ತಿದ್ದರು. ಅಪ್ಪ ಒಮ್ಮೆ ಮಾತ್ರ, ತುಂಬಾ ವರ್ಷದ ಮೇಲೆ, ಏನೋ ಬೇರೆ ಮಾತಿನ ನಡುವೆ, ಸೋದರಮಾವ ಬೆರಳು ಅಂತ ಕೂಗಿದ್ದು ಕಪಾಟಿನ ಕೆಳತುದಿ ಹಿಡಿದಿದ್ದ ತಮಗೆ ಕೇಳಿಸಿತ್ತು ಎಂದು ಹೇಳಿದ್ದರು.

"ಕೊಕ್ಕೆ ಸಿಕ್ತು," ಅಕ್ಕ ಹೇಳಿದಳು. "ಬೆಲ್ಟ್ ಹಾಕ್ತಿದಾರೆ." ಅವನು ಕಾಯುತ್ತಾ ಕೂತ. ದೂರದಲ್ಲಿ ಆಸ್ಪತ್ರೆಯ ಬಿಳಿ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಹೆಂಡತಿ ಅಲ್ಲಿ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಈ ಹೊತ್ತಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಯಾರ ಹೊಟ್ಟೆಯ ಪಕ್ಕದಲ್ಲೋ ನಿಂತಿರುತ್ತಾಳೆ. ನಿನ್ನೆ ರಾತ್ರಿ ಅವಳು ದೀಪ ಆರಿಸಿದ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿ, ಅವನಿಗಲ್ಲದೆ ಗೋಡೆಗೆ ಹೇಳುವ ಹಾಗೆ ಹೇಳಿದ್ದಳು. "ನಮ್ಮಲ್ಲಿ ಹೊಲಿಗೆ ಹಾಕೋ ಮುಂಚೆ ಒಳಗೆ ಹೋದ ಹತ್ತಿ ಎಲ್ಲಾ ಹೊರಗೆ ಬಂತಾ ಅಂತ ಎಣಿಸ್ತೀವಿ. ಮೊನ್ನೆ ಸೇರಿದ ಹುಡುಗಿ ಲೆಕ್ಕ ತಪ್ಪಿದೆ ಅಂದ್ರೂ ದೊಡ್ಡ ಡಾಕ್ಟರು ಸೂಜಿ ಕೆಳಗಿಡ್ತಾರೆ. ಹೆಚ್ಚಿನ ಸಲ ಅವಳೇ ತಪ್ಪು ಎಣಿಸಿರ್ತಾಳೆ. ಆದ್ರೂ ಇಡ್ತಾರೆ." "ಬೈಯಲ್ವಾ?" ಎಂದು ಅವನು ಕೇಳಿದ್ದ. "ಬೈದ್ರೆ ಮುಂದಿನ ಸಲ ಅವಳು ಹೇಳಲ್ಲ ರೀ." ಅಷ್ಟೇ ಹೇಳಿ ಅವಳು ನಿದ್ದೆ ಹೋದಳು, ಅಥವಾ ಹೋದಂತೆ ಮಲಗಿದಳು. ದೊಡ್ಡ ಡಾಕ್ಟರಿಗೆ ಬೇಕಾದಾಗ ಒಂದಕ್ಕೆ ಹೋಗುವ ಸೌಕರ್ಯ ಇರಬಹುದು ಎಂದು ಕತ್ತಲಲ್ಲಿ ಅವನಿಗೆ ಹೊಳೆದಿತ್ತು. ಇಲ್ಲ, ಇರಲಿಕ್ಕಿಲ್ಲ. ಅವರೂ ಮನುಷ್ಯರು, ಅವರೂ ಗಂಟೆಗಟ್ಟಲೆ ನಿಂತಿರುತ್ತಾರೆ.

"ಸ್ವಲ್ಪ ಎತ್ತಿ, ನೆಲ ಬಿಡೋಷ್ಟು." ಅವನು ಎತ್ತಿದ. ಪರದೆಯ ಮೇಲೆ ತೂಕ ಏರುತ್ತಾ ಹೋಗಿ ಒಂದು ಕಡೆ ನಿಂತಿತು. ಭಾರ ಲಾರಿಯಿಂದ ಒಂದು ಗೇಣು ಮೇಲೆದ್ದು ತೂಗುತ್ತಿದೆ ಎಂದು ಅರ್ಥ. ಇಲ್ಲಿ ಎಲ್ಲರೂ ನಿಲ್ಲಬೇಕು. ಬೆಲ್ಟು ಬಿಗಿಯಾದ ಮೇಲೆ ಏನು ಸರಿಯಿತು, ಏನು ವಾಲಿತು ಎಂದು ಇಬ್ಬರೂ ತಮ್ಮ ತಮ್ಮ ಕಡೆ ನೋಡಿ ಹೇಳಬೇಕು. ಅದು ಅವರ ಪದ್ಧತಿ. "ನನ್ನ ಕಡೆ ಸರಿ," ಉದ್ದನೆಯವನು ಎಂದಿನ ಹಾಗೆ ರಾಗವಾಗಿ ಹೇಳಿದ. ಆಮೇಲೆ ಭಾವಮೈದುನನ ಸರದಿ. ಭಾವಮೈದುನ ಯಾವತ್ತೂ ಒಂದೇ ಮಾತಿನಲ್ಲಿ ಮುಗಿಸಿದವನಲ್ಲ. 'ನನ್ನ ಕಡೆ ಸರಿ, ಆದ್ರೂ ತಡೀರಿ', 'ಸರಿ ಅನ್ಸತ್ತೆ, ಇನ್ನೊಂದು ಸಲ ನೋಡಿಬಿಡ್ತೀನಿ', 'ಸರಿ ಇದೆ ಭಾವ, ಬಿಸಿಲಿಗೆ ಹಾಗೆ ಕಾಣ್ತಿದೆ ಅಷ್ಟೇ'. ಉದ್ದನೆಯವನು ಅದನ್ನು ಅಣಕಿಸಿ ತೋರಿಸುತ್ತಿದ್ದ. ಇವತ್ತು ವಾಕಿಟಾಕಿಯಲ್ಲಿ ಒಂದೇ ಪದ ಬಂತು. "ಸರಿ."

"ಎತ್ತಿ," ಅಕ್ಕ ಹೇಳಿದಳು. ಅವನು ಲಿವರು ಎಳೆದ. ಭಾರ ಏರತೊಡಗಿತು, ಅವನಿಗೆ ಕಾಣದ ಕಡೆಯಲ್ಲಿ, ಕಾಣದ ಜನರ ಪಕ್ಕದಲ್ಲಿ. ಆ 'ಸರಿ' ಕಿವಿಯಲ್ಲಿ ಉಳಿದುಕೊಂಡಿತ್ತು. ಅದರಲ್ಲಿ ತಪ್ಪೇನಿತ್ತು? ಇಷ್ಟು ದಿನ ಭಾವಮೈದುನನಿಂದ ಎಲ್ಲರೂ ಬಯಸಿದ್ದು ಅದನ್ನೇ, ಚುಟುಕಾಗಿ ಒಂದು ಸರಿ. ಹಾಗಾದರೆ ಅಂಗೈ ಯಾಕೆ ಬೆವರುತ್ತಿದೆ? ಅವನು ಆ ಪದವನ್ನು ಮನಸ್ಸಿನಲ್ಲೇ ಮತ್ತೆ ಕೇಳಿದ. ಮಕ್ಕಳಿಗೆ ಜೋರು ಮಾಡಿ 'ಹೋಂವರ್ಕ್ ಆಯ್ತಾ' ಎಂದು ಕೇಳಿದರೆ ಅವು ಕೊಡುವ ಉತ್ತರದ ದನಿ ಅದು. ಆಯ್ತು. ಸರಿ. ನಿಮಗೆ ಏನು ಬೇಕೋ ಅದು. ಕೆಳಗೆ ಬೆಲ್ಟು ಹರಿಯುತ್ತಿದ್ದರೂ, ಭಾರ ವಾಲುತ್ತಿದ್ದರೂ ಆ ಮನುಷ್ಯ ಇವತ್ತು ಸರಿ ಎಂದೇ ಅನ್ನುತ್ತಾನೆ. ಅಂದರೆ ಆ ಕಡೆಯಿಂದ ನೋಡುವ ಕಣ್ಣು ಇವತ್ತು ಇಲ್ಲ. ನಾಲ್ಕು ಜನರಲ್ಲಿ ಒಬ್ಬನನ್ನು ತಾನೇ ನಿನ್ನೆ ಕೊಕ್ಕೆಯಿಂದ ಕಳಚಿ ಹಾಕಿದ್ದೇನೆ, ಮೂರು ಜನರನ್ನು ಇಟ್ಟುಕೊಂಡು ನಾಲ್ಕು ಜನರ ಭಾರ ಎತ್ತುತ್ತಿದ್ದೇನೆ, ಅದರ ಪಕ್ಕದಲ್ಲೇ ಭಾವಮೈದುನ ನಿಂತಿದ್ದಾನೆ. ಅವನು ಕೈ ಬಿಟ್ಟ. ಕೈ ಬಿಟ್ಟರೆ ತಾನೇ ನಿಲ್ಲುವ ಲಿವರು ಅದು.

"ಯಾಕೆ ನಿಂತ್ರಿ?" ಅಕ್ಕ ಕೇಳಿದಳು. "ಆಳೆತ್ತರ ಬಂದಿದೆ ಅಷ್ಟೇ. ಎತ್ತಿ." ಅವನು ಗುಂಡಿ ಒತ್ತಿದ. "ಬೆಲ್ಟಿನ ಹತ್ರ ಇರೋರು ಇಬ್ಬರೂ ಇನ್ನೊಂದು ಸಲ ಹೇಳಿ." "ನನ್ನ ಕಡೆ ಸರಿ," ಉದ್ದನೆಯವನು, ಈ ಸಲ ರಾಗವಿಲ್ಲದೆ. "ಸರಿ," ಭಾವಮೈದುನ. ಅದೇ ದನಿ. ಇಂಜಿನಿಯರು ನಡುವೆ ಬಾಯಿ ಹಾಕಿದರು, "ಏನು ಪ್ರಾಬ್ಲಂ ಮೇಲೆ? ಗಾಳಿ ಬರೋ ಟೈಮಾಯ್ತು." ಏನೂ ಇಲ್ಲ ಸಾರ್, ಅನ್ನಬಹುದಿತ್ತು. ಎತ್ತಿಬಿಡಬಹುದಿತ್ತು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಏನೂ ಆಗುತ್ತಿರಲಿಲ್ಲ, ಸಂಜೆ ಮನೆಗೆ ಹೋಗುವಾಗ ಭಾವಮೈದುನನ ಕೋಣೆಯ ಬಾಗಿಲು ತಟ್ಟಿ, 'ಬಾರಯ್ಯ ಊಟಕ್ಕೆ, ಅದೇನು ಹೆಂಗಸರ ಥರಾ ಮುನಿಸು' ಎಂದು ಹೆಗಲ ಮೇಲೆ ಕೈ ಹಾಕಿದರೆ ಅವನು ಬರುತ್ತಿದ್ದ, ತುಟಿಯಲ್ಲಿ ನಗುತ್ತಾ ಬರುತ್ತಿದ್ದ. ಮತ್ತು ಮುಂದೆ ಯಾವತ್ತೂ ನಿಲ್ಲು ಅನ್ನುತ್ತಿರಲಿಲ್ಲ. ಅವನು ಗುಂಡಿ ಒತ್ತಿ ಹಿಡಿದುಕೊಂಡ.

"ಎಲ್ಲರೂ ಕೇಳಿ," ಅಂದ. "ನಿನ್ನೆ ಗಾಜು ಎತ್ತೋವಾಗ ನಾನು ನಮ್ಮ ಭಾಮೈದನಿಗೆ ಒಂದು ಮಾತಂದೆ. ಅವನು ನಿಲ್ಲಿಸಿದ್ದು ತಪ್ಪಲ್ಲ. ನನಗೆ ಆಗ ಒಂದಕ್ಕೆ ಅವಸರ ಆಗಿತ್ತು. ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಆ ಸಿಟ್ಟು ಅವನ ಮೇಲೆ ತೆಗೆದೆ." ಗುಂಡಿ ಬಿಟ್ಟ. ಎಲ್ಲಿಂದಲೋ ಯಾರೋ ಮೂಗಿನಲ್ಲಿ ನಕ್ಕ ಸದ್ದು, ಅದರ ಹಿಂದೆಯೇ ಉದ್ದನೆಯವನ ನಗು, ತಾರಸಿಯ ಮೇಲಿದ್ದವರ ನಗು, ಕೊನೆಗೆ ಅಕ್ಕನ ಕಟ್ಟಿದ ಗಂಟಲಿನ ಕೆಮ್ಮು ಬೆರೆತ ನಗು. "ಮೇಲಿನವರು ಮಳೆ ಸುರಿಸಿಬಿಟ್ಟಿದ್ರೆ ನಾವೆಲ್ಲ ಏನಾಗ್ತಿದ್ವಿ" ಎಂದು ಯಾರೋ ಅಂದರು. ಕಿವಿ ಬಿಸಿಯಾಯಿತು, ಕುತ್ತಿಗೆ ಬಿಸಿಯಾಯಿತು. ಇನ್ನು ಈ ಕಟ್ಟಡ ಏಳುವ ತನಕ, ಮುಂದಿನ ಕಟ್ಟಡದಲ್ಲೂ, ಇದೇ ತನ್ನ ಕಥೆ ಎಂದು ಅವನಿಗೆ ಗೊತ್ತಾಯಿತು. ನಗು ಇಳಿಯುವುದನ್ನು ಕಾದು ಮತ್ತೆ ಗುಂಡಿ ಒತ್ತಿದ. "ಇಂಜಿನಿಯರ್ ಸಾಹೇಬ್ರೇ, ಬೇಡ ಅನ್ನೋಕೆ ಹೆದರಿದೋನು ಸರಿ ಅಂದ್ರೆ ನನಗೆ ಅದು ಉಪಯೋಗಕ್ಕೆ ಬರಲ್ಲ. ಅವನು ಮನಸ್ಸಿಟ್ಟು ಹೇಳೋ ತನಕ ನಾನು ಎತ್ತಲ್ಲ. ನಿನ್ನ ಕಡೆ ಹೇಗಿದೆ, ಹೇಳಪ್ಪಾ."

ಭಾವಮೈದುನ ಉಸಿರಾಡುವುದು ಕೇಳಿಸಿತು. ಗುಂಡಿ ಒತ್ತಿ ಹಿಡಿದಿದ್ದಾನೆ. ಆಮೇಲೆ, "ಹಾಗಾದ್ರೆ ಇಳಿಸಿ, ಭಾವ."

ಯಾರೂ ನಗಲಿಲ್ಲ. ಅಕ್ಕ ಸಟ್ಟನೆ ತನ್ನ ಕೆಲಸದ ದನಿಗೆ ಮರಳಿ, "ಇಳಿಸಿ. ನಿಧಾನ. ನಿಧಾನ. ಕೂದಲೆಳೆ. ಕೂತ್ಕೊಳ್ತು" ಎಂದಳು. ತೂಕ ಸೊನ್ನೆಗೆ ಬಂತು. ಅವನು ಕಾಣದ ರಸ್ತೆಯ ಕಡೆ, ಕಟ್ಟಡದ ಗೋಡೆಯನ್ನೇ ನೋಡುತ್ತಾ ಕೂತ. ಸ್ವಲ್ಪ ಹೊತ್ತಿಗೆ ಅಕ್ಕ ಹೇಳಿದಳು. "ಅವನ ಕಡೆ, ಬೆಲ್ಟು ಕೊಯ್ಯದ ಹಾಗೆ ಮೂಲೆಗೆ ಮಡಚಿ ಇಟ್ಟ ರಬ್ಬರು ಸರಿದುಹೋಗಿದೆ. ಬೆಲ್ಟು ನೇರವಾಗಿ ಕಬ್ಬಿಣದ ಅಂಚಿನ ಮೇಲೆ ಕೂತಿದೆ. ಬೆಲ್ಟಿನ ಒಂದು ಬದಿಗೆ ನೂಲು ಬಿಟ್ಟಿದೆ." "ತಡೀತಿತ್ತಾ?" ಎಂದು ಅವನು ಕೇಳಿದ. "ತಡೀತಿತ್ತೋ ಏನೋ. ಯಾರಿಗೆ ಗೊತ್ತು. ಬೇರೆ ಬೆಲ್ಟ್ ಹಾಕ್ತೀವಿ." ಆಮೇಲೆ ಭಾವಮೈದುನನ ದನಿ ಬಂತು, ಅವನಿಗೊಬ್ಬನಿಗೇ ಎಂಬಂತೆ ತಗ್ಗಿದ ದನಿ, ಆದರೆ ಎಲ್ಲರಿಗೂ ಕೇಳುವ ವಾಕಿಟಾಕಿಯಲ್ಲೇ. "ಎತ್ತಿದ ಕೂಡಲೇ ಕಾಣಿಸ್ತು ಭಾವ. ನಿನ್ನೇನೂ ಹಾಗೇ ಏನೋ ಕಂಡಿತ್ತು, ಏನೂ ಇರ್ಲಿಲ್ವಲ್ಲ. ಇದೂ ಹಾಗೇ ಇರಬೇಕು ಅಂದ್ಕೊಂಡೆ. ಅಂದ್ಕೊಂಡು ಸುಮ್ನಾದೆ." ಅಳು ಬರುವಂತಾಗಿತ್ತು. ಅಷ್ಟು ಎತ್ತರದಲ್ಲಿ ಒಬ್ಬನೇ ಕೂತಿದ್ದಾಗ ಅಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ, ಆದರೂ ಅವನು ಅಳಲಿಲ್ಲ, ಬೆವರಿದ್ದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೆಳಗೆ ಉದ್ದನೆಯವನು ಒಂದೂ ತಮಾಷೆಯ ಮಾತಾಡದೆ ಹೊಸ ಬೆಲ್ಟು ತರಲು ಓಡಿದನೆಂದು ಅಕ್ಕ ಆಮೇಲೆ ಹೇಳಿದಳು. ಲಾರಿಯ ಚಾಲಕ, ಇವರಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ, ತನ್ನ ಸೀಟಿನ ಕೆಳಗಿನಿಂದ ದಪ್ಪ ರಬ್ಬರಿನ ತುಂಡೊಂದನ್ನು ಹುಡುಕಿ ತೆಗೆದು ಕೊಟ್ಟನಂತೆ. ಇಂಜಿನಿಯರು ರಸ್ತೆಯ ಪೊಲೀಸಿನವರ ಹತ್ತಿರ ಹೋಗಿ ಇನ್ನಷ್ಟು ಹೊತ್ತು ಬೇಡಿಕೊಂಡರು. ಕೈ ಮುಗಿದರಂತೆ, ಅದನ್ನು ಅವರು ಯಾರಿಗೂ ಹೇಳಿಕೊಳ್ಳಲಿಲ್ಲ.

ಎರಡನೆಯ ಸಲ ಎತ್ತಿದಾಗ ಗಾಳಿ ಇನ್ನೂ ಎದ್ದಿರಲಿಲ್ಲ. ಉದ್ದನೆಯವನ 'ನನ್ನ ಕಡೆ ಸರಿ' ಬಂತು. ಭಾವಮೈದುನ ತನ್ನ ಕಡೆ ಒಂದು ಸಲ, ಸುತ್ತು ಬಂದು ಇನ್ನೊಂದು ಸಲ ನೋಡಿ, ಏನು ನೋಡಿದೆ ಎಂದು ಬಿಡಿಸಿ ಹೇಳಿ, ಕೊನೆಗೆ ಸರಿ ಅಂದ. ಅದನ್ನು ಕೇಳುತ್ತಾ ಅವನಿಗೆ, ಇಷ್ಟುದ್ದದ ಮಾತಿಗೆ ತಾನು ಇಷ್ಟು ದಿನ ಹಲ್ಲು ಕಚ್ಚುತ್ತಿದ್ದೆನಲ್ಲ ಎಂದು ಆಶ್ಚರ್ಯವಾಯಿತು. ಭಾರ ಏರಿತು. ಅಕ್ಕನ ದನಿ ಅದರ ಜೊತೆಗೇ ಏರಿತು, ಎತ್ತಿ, ಎತ್ತಿ, ಎಡಕ್ಕೆ ಸ್ವಲ್ಪ, ಹೂಂ. ಗೋಡೆಯ ಅಂಚಿನ ಮೇಲಿನಿಂದ ಯಂತ್ರದ ಬೂದುಬಣ್ಣದ ನೆತ್ತಿ ಕಾಣಿಸಿಕೊಂಡಾಗ ಅವನಿಗೆ ಎಂದಿನ ಹಾಗೆ ಮೈ ಜುಮ್ಮೆಂದಿತು. ಎಷ್ಟು ಸಲ ನೋಡಿದರೂ ಹಾಗೆಯೇ ಆಗುತ್ತದೆ, ಅಷ್ಟು ದೊಡ್ಡ ವಸ್ತು ಸುಮ್ಮನೆ, ಸದ್ದಿಲ್ಲದೆ, ಯಾರಿಗೂ ತಾಗದೆ ಮೇಲೆದ್ದು ಬರುವುದು. ಭಾರವನ್ನು ಅಲ್ಲೇ ನಿಲ್ಲಿಸಿ ಅವನು ಕಾದ, ಅಕ್ಕನೂ ಕಟ್ಟುವ ಇಬ್ಬರೂ ಮೆಟ್ಟಿಲು ಹತ್ತಿ ತಾರಸಿಗೆ ಬಂದರು. ಈಗ ಅವರು ಅವನಿಗೆ ಕಾಣುತ್ತಿದ್ದರು. ಭಾರ ತಿರುಗದಂತೆ ಕಟ್ಟಿದ್ದ ಹಗ್ಗಗಳಲ್ಲಿ ಒಂದು ಮೂಲೆಯದನ್ನು ಉದ್ದನೆಯವನು ಹಿಡಿದ, ಇನ್ನೊಂದನ್ನು ಭಾವಮೈದುನ. ಅಕ್ಕ ನಡುವೆ ನಿಂತು ಕೈಯೆತ್ತಿದಳು. ಭಾರ ಅವರ ತಲೆಯ ಮಟ್ಟಕ್ಕೆ, ಎದೆಯ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ ಇಳಿಯಿತು. ನಾಲ್ಕು ಬೋಲ್ಟುಗಳ ನೇರಕ್ಕೆ ನಾಲ್ಕು ತೂತುಗಳು ಬಂದವು. ಇನ್ನು ಒಂದು ಗೇಣು. ತಾರಸಿಯ ಮೇಲಿನ ಬಾವುಟ ಮೆಲ್ಲಗೆ ಅಲುಗಾಡತೊಡಗಿತ್ತು.

"ನಿಲ್ಲಿ," ಭಾವಮೈದುನ ಅಂದ. ಭಾವ ಎಂಬ ಮಾತು ಬರುವ ಮೊದಲೇ ಮೇಲೆ ಕೂತವನು ಲಿವರಿನಿಂದ ಕೈ ಬಿಟ್ಟಾಗಿತ್ತು. ಭಾರ ತೂಗುತ್ತಾ ನಿಂತಿತು. ಅಕ್ಕ ಎತ್ತಿದ್ದ ಕೈಯನ್ನು ಹಾಗೇ ಹಿಡಿದುಕೊಂಡಳು. ಉದ್ದನೆಯವನು ಹಗ್ಗ ಬಿಗಿ ಮಾಡಿ ಕಾಲು ಊರಿ ನಿಂತ. ಇಂಜಿನಿಯರು ಬಾವುಟ ನೋಡಿದರು, ಗಡಿಯಾರ ನೋಡಿದರು, ಕೈ ಕಟ್ಟಿಕೊಂಡು ನಿಂತರು. ಭಾವಮೈದುನ ಹಗ್ಗವನ್ನು ತಾರಸಿಯಲ್ಲಿದ್ದ ಇನ್ನೊಬ್ಬನ ಕೈಗೆ ಕೊಟ್ಟು, ಎರಡೂ ಕೈ ಊರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಯಂತ್ರದ ಅಡಿಯಲ್ಲಿ ಇಣುಕಿ ನೋಡಿದ. ಒಂದು ಬೋಲ್ಟು ನೋಡಿದ, ತೆವಳಿಕೊಂಡು ಹೋಗಿ ಎರಡನೆಯದು ನೋಡಿದ. ಏನೂ ಇರಲಿಲ್ಲ ಎಂದು ಅವನ ಬೆನ್ನೇ ಹೇಳುತ್ತಿತ್ತು. ಅವನು ಮೂರನೆಯದಕ್ಕೆ ಹೋದ. ಮೇಲೆ ಕೂತವನಿಗೆ, ಈ ದಿನ ಬೆಳಗಾದಾಗಿನಿಂದ ಮೊದಲ ಸಲ, ಸುಖವೆನ್ನಿಸಿತು. ಗಾಳಿ ಬರುತ್ತಿತ್ತು, ಹೊತ್ತು ಮೀರುತ್ತಿತ್ತು, ಸಂಜೆ ಚಹಾದ ಹೊತ್ತಿಗೆ ತನ್ನ ಮಾನ ಮೂರುಕಾಸಿಗೆ ಹರಾಜಾಗುವುದು ಖಂಡಿತವಾಗಿತ್ತು. ಅವನು ಗುಂಡಿ ಒತ್ತಿ, "ನಾಲ್ಕನೇದೂ ನೋಡಿಬಿಡು," ಅಂದ.

ಭಾವಮೈದುನ ತಲೆಯೆತ್ತಲಿಲ್ಲ. "ಅಲ್ಲಿಗೇ ಹೋಗ್ತಿದೀನಿ, ಇರಿ," ಎಂದು ಗದರಿದ.